ಸೋದರತ್ತೆ ಅಕ್ಷರ

ಇದನ್ನು ನಾನು ಸಣ್ಣಕ್ಷರದಲ್ಲೇ ಜೋಡಿಸುತ್ತಿದ್ದೇನೆ, ಹೆದರಬೇಡಿ. ಮನಸ್ಸಿನಲ್ಲೇ ಓದಿಕೊಳ್ಳಬಹುದು, ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ಓದಬಹುದು, ಬೇಸರವಾದರೆ ಅರ್ಧಕ್ಕೇ ಬಿಟ್ಟು ಎದ್ದೂ ಹೋಗಬಹುದು. ನಮ್ಮೂರಿನ ದಪ್ಪಕ್ಷರದಲ್ಲಿ ಹಾಕಿದ್ದರೆ ಈ ಸುಖ ಇರುತ್ತಿರಲಿಲ್ಲ. ಅದು ಕಣ್ಣಿಗೆ ಬಿತ್ತೆಂದರೆ ಮುಗಿಯಿತು, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದಲೇಬೇಕು. ಬೇಕೋ ಬೇಡವೋ ಎಂದು ಕೇಳುವವರಿಲ್ಲ, ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಪುಣ್ಯಕ್ಕೆ ಒಂದು ಹಾಳೆಯನ್ನು ಒಬ್ಬರು ದಿನಕ್ಕೊಮ್ಮೆ ಓದಿದರೆ ಸಾಕು, ಮಾರನೆಯ ಬೆಳಗಿನವರೆಗೆ ಅದು ಅವರ ಪಾಲಿಗೆ ಸುಮ್ಮನಿರುತ್ತದೆ. ಯಾಕೆ ಹೀಗೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ನಿಮ್ಮೂರಿನಲ್ಲಿ ಆಕಳಿಕೆ ಯಾಕೆ ಬರುತ್ತದೆ ಎಂದು ನಾನು ಕೇಳಿದ್ದೇನೆಯೇ?

ನನ್ನ ಹೆಸರು ಅನಂತಮತಿ. ಬಸ್ ನಿಲ್ದಾಣದ ಎದುರಿನ ಪ್ರೆಸ್ಸು ನಮ್ಮದು, ಎಂದರೆ ನನ್ನದು ಮತ್ತು ನನ್ನ ಅಣ್ಣ ಭುಜಬಲಿಯದು. ನಾನು ಅಚ್ಚಿನ ಮೊಳೆ ಜೋಡಿಸುತ್ತೇನೆ, ಅವನು ಮಷೀನು ತುಳಿಯುತ್ತಾನೆ. ಹೆಸರು ಕೇಳಿ ಆನೆಯಂಥ ಆಳು ಎಂದುಕೊಂಡೀರಿ. ಊದಿನಕಡ್ಡಿಗೆ ಅಂಗಿ ತೊಡಿಸಿದ ಹಾಗಿದ್ದಾನೆ. ಈ ಕಥೆ ಅವನದು. ನನ್ನ ಪಾಲು ಅದರಲ್ಲಿ ಒಂದೇ, ತಪ್ಪು ಮಾಡಿದ್ದು. ಆ ತಪ್ಪಿಗೆ ಅಣ್ಣ ಆರು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದ. ಒಂದೇ ಕೋಣೆಯಲ್ಲಿ ಕೆಲಸ, ನನ್ನ ಮನೆಯಲ್ಲೇ ಎರಡು ಹೊತ್ತು ಊಟ, ಆದರೂ ಒಂದು ‘ಹೂಂ’ ಇಲ್ಲ, ಒಂದು ‘ಊಹೂಂ’ ಇಲ್ಲ. ಆ ಆರು ವರ್ಷ ನಾನು ಬಯಸಿದ್ದು ಒಂದೇ, ಅವನು ಒಂದು ಸಲ ನನ್ನನ್ನು ಹೆಸರು ಹಿಡಿದು ಕರೆಯಲಿ ಎಂದು. ಬೈಯಲಿಕ್ಕಾದರೂ ಸರಿಯೇ.

ದಪ್ಪಕ್ಷರ ಮಾಡಿದ್ದು ನಮ್ಮಪ್ಪ. ಹಲಸಿನ ಮರದ ತುಂಡುಗಳಲ್ಲಿ ಒಂದೊಂದೇ ಅಕ್ಷರ ಕೆತ್ತಿ, ಉಜ್ಜಿ, ಎಣ್ಣೆ ಹಾಕಿ ಸಿದ್ಧ ಮಾಡಲು ಮೂರು ವರ್ಷ ತೆಗೆದುಕೊಂಡರು. ಅಂಗೈ ಅಗಲದ ಅಕ್ಷರಗಳು. ತಲೆಕಟ್ಟು ತೊಲೆಯಷ್ಟು ಗಟ್ಟಿ, ಹೊಟ್ಟೆ ದುಂಡಗೆ, ಮೈಯೆಲ್ಲ ದಪ್ಪ, ಆದರೆ ಎರಡು ಗೆರೆ ಕೂಡುವ ಕಡೆ ಮಾತ್ರ ದಾರದಷ್ಟು ತೆಳು. ಪ್ರತಿ ಗೆರೆಯ ತುದಿಯಲ್ಲೂ ಚಿಕ್ಕದೊಂದು ಹಿಮ್ಮಡಿ ಇಟ್ಟಿದ್ದರು, ಅಕ್ಷರ ಅದರ ಮೇಲೆ ಕಾಲೂರಿ ನಿಲ್ಲಲಿ ಎಂದು. ಮೊದಲ ಹಾಳೆ ಗೋಡೆಗೆ ಅಂಟಿಸಿದ ದಿನ ಊರಿನವರು ನೋಡಿದರು, ಗಟ್ಟಿಯಾಗಿ ಓದಿದರು, ಓದಿ ಮುಗಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೂವಿನ ಅಂಗಡಿಯ ಅಜ್ಜಿಯೊಬ್ಬಳಿಗೆ ಓದು ಬರುತ್ತಿರಲಿಲ್ಲ, ಹಾಗಾಗಿ ಇಡೀ ಬೀದಿಯಲ್ಲಿ ಯೋಚನೆ ಮಾಡಲು ಪುರಸೊತ್ತಿದ್ದವಳು ಅವಳೊಬ್ಬಳೇ. "ಇದು ನಮ್ಮ ಸೋದರತ್ತೆ ಇದ್ದಂಗೈತೆ ಕಣಪ್ಪಾ" ಎಂದಳು. "ಮದ್ವೆ ಮನೇಗೆ ರೇಷ್ಮೆ ಸೀರೆ ಉಟ್ಕೊಂಡು ಬಂದು ನಡುಮಧ್ಯ ನಿಂತ್ಕೊಂಡ್ಲು ಅಂದ್ರೆ ಯಾರೂ ಬಾಯ್ ಮುಚ್ಕೊಂಡಿರಂಗಿಲ್ಲ." ಅವತ್ತಿನಿಂದ ಆ ಅಕ್ಷರಕ್ಕೆ ಸೋದರತ್ತೆ ಎಂದೇ ಹೆಸರು. ಪೇಂಟಿನಲ್ಲಿ ಎಷ್ಟೇ ದಪ್ಪ ಬರೆಸಿ, ಬೇರೆ ಊರಿನಿಂದ ಎಂಥ ಮೊಳೆಯನ್ನೇ ತರಿಸಿ, ಈ ಗುಣ ಅವಕ್ಕಿಲ್ಲ.

ಜನ ಹೊಂದಿಕೊಂಡರು. ಹೊಂದಿಕೊಳ್ಳದೆ ಏನು ಮಾಡುತ್ತಾರೆ? ಕ್ಷೌರದ ಅಂಗಡಿಯವನು ಕುರ್ಚಿಗಳನ್ನು ಬೀದಿಗೆ ಬೆನ್ನು ಮಾಡಿ ಇಟ್ಟ, ಯಾಕೆಂದರೆ ಗಲ್ಲದ ಮೇಲೆ ಕತ್ತಿ ಇರುವಾಗ ಗಿರಾಕಿ ಎದುರಿನ ಗೋಡೆ ನೋಡಿ ‘ಇಂದೇ ಕೊನೆಯ ದಿನ’ ಎಂದು ಕೂಗಿದರೆ ಇಬ್ಬರಿಗೂ ಕ್ಷೇಮವಲ್ಲ. ಹೆಣ ಹೊತ್ತವರು ಕೆರೆಯ ಪಕ್ಕದ ಓಣಿ ಹಿಡಿದು ಹೋಗುತ್ತಾರೆ, ಅಲ್ಲಿ ಗೋಡೆಗೆ ಏನನ್ನೂ ಅಂಟಿಸಬಾರದೆಂದು ಮಾತಾಗಿದೆ. ಬಸ್ ನಿಲ್ದಾಣದಲ್ಲಿ ಊರುಗಳ ಹೆಸರನ್ನು ಸೋದರತ್ತೆಯಲ್ಲೇ ಅಚ್ಚು ಹಾಕಿಸಿದ್ದಾರೆ. ಕಣ್ಣು ಕಾಣದ ಕೋನಪ್ಪನವರು ಕಂಬಕ್ಕೆ ಒರಗಿ ನಿಂತರೆ ಸಾಕು, ಬಂದ ಬಂದವರೆಲ್ಲ ಓದುವುದು ಕೇಳಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ನಮಗಿಂತ ಮೊದಲು ಅವರಿಗೆ ತಿಳಿಯುತ್ತದೆ. ಒಮ್ಮೆ ಊರೆಲ್ಲ ಉಂಡು ಮಲಗಿದ್ದ ಮಧ್ಯಾಹ್ನ ದಿನಸಿ ಅಂಗಡಿಯ ಹಂಚು ತೆಗೆದು ಕಳ್ಳನೊಬ್ಬ ಒಳಗಿಳಿದಿದ್ದ. ಗೋಡೆ ನೋಡಿ ಅವನು ‘ಶುದ್ಧ ಸರಕು, ಒಂದೇ ಮಾತು, ನಗುನಗುತ್ತಾ ಬನ್ನಿ’ ಎಂದು ಗಂಟಲು ಹರಿಯುವಂತೆ ಓದಿದ. ಅಂಗಡಿಯವನು ಚಾಪೆಯ ಮೇಲಿಂದ ಎದ್ದು ಬಂದು ಅವನನ್ನು ಹಿಡಿದುಕೊಂಡ.

ನಮ್ಮ ಪ್ರೆಸ್ಸಿನೊಳಗೂ ನಮ್ಮದೇ ರೂಢಿಗಳಿವೆ. ಮೊಳೆಯಲ್ಲಿ ಅಕ್ಷರ ಹಿಂದುಮುಂದಾಗಿರುತ್ತದಲ್ಲ, ಆಗ ಸೋದರತ್ತೆ ಪಾಪದವಳು, ಏನೂ ಮಾಡುವುದಿಲ್ಲ. ಕಾಗದಕ್ಕೆ ಇಳಿದ ಮೇಲೆಯೇ ಅವಳ ದರ್ಬಾರು. ಅದಕ್ಕೇ ಅಚ್ಚಾದ ಹಾಳೆಗಳನ್ನು ಗೋಡೆಗೆ ಮುಖ ಮಾಡಿ ಒಣಗಿಸುತ್ತೇವೆ. ಭುಜಬಲಿ ಮಸಿ ಸರಿಯಾಗಿ ಕೂತಿದೆಯೇ ಎಂದು ನೋಡುವಾಗ ಹಾಳೆಯನ್ನು ತಲೆಕೆಳಗು ಮಾಡಿ ಹಿಡಿಯುತ್ತಾನೆ. ಹಾಗೆ ಹಿಡಿದರೆ ಬಾಯಿ ಸುಮ್ಮನಿರುತ್ತದೆ.

ಯಾವುದಕ್ಕೆ ದಪ್ಪ, ಯಾವುದಕ್ಕೆ ಸಣ್ಣ ಎಂಬ ವಿಷಯದಲ್ಲಿ ಅಪ್ಪ ಬಹಳ ಕಟ್ಟುನಿಟ್ಟು. "ಹರಾಜಿಗೆ ಹಾಕು, ನಾಟಕಕ್ಕೆ ಹಾಕು, ಹಸು ಕಳೆದುಹೋಗಿದ್ರೆ ಅದಕ್ಕೂ ಹಾಕು. ಮದುವೆ ಕಾಗದದಲ್ಲಿ ಹೆಣ್ಣು ಗಂಡಿನ ಹೆಸರಿಗೆ ಮಾತ್ರ ಹಾಕು, ಎಲ್ಲರ ಬಾಯಲ್ಲೂ ಒಂದ್ಸಲ ಬರಲಿ. ಸಾವಿಗೆ ಬೇಡ, ಕಾಯಿಲೆಗೆ ಬೇಡ, ಒಬ್ಬರು ಒಬ್ಬರಿಗೇ ಹೇಳೋ ಮಾತಿಗಂತೂ ಖಂಡಿತ ಬೇಡ" ಎನ್ನುತ್ತಿದ್ದರು. ಇದನ್ನು ನನಗೆ ನೂರು ಸಲ ಹೇಳಿದ್ದಾರೆ. ನೂರು ಸಲವೂ ನಾನು ತಲೆಯಾಡಿಸಿದ್ದೇನೆ.

ಈಗ ತಪ್ಪಿನ ಕಥೆ. ನಮ್ಮೂರ ಶಾಲೆಯಲ್ಲಿ ಕುಸುಮಾಕ್ಷಿ ಎಂಬ ಟೀಚರ್ ಇದ್ದರು. ಮೂವತ್ತು ದಾಟಿದ್ದವರು, ಮಿತ ಮಾತು, ನಕ್ಕರೆ ಎಡಗೆನ್ನೆಯಲ್ಲಿ ಗುಳಿ. ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಲು ಪ್ರೆಸ್ಸಿಗೆ ಬರುತ್ತಿದ್ದರು. ಅವರು ಬಂದ ದಿನ ನಮ್ಮಣ್ಣ ಮಷೀನನ್ನು ತುಳಿಯುವ ರೀತಿಯೇ ಬೇರೆ. ಸದ್ದೇ ಇಲ್ಲ, ಬೆಣ್ಣೆಯ ಮೇಲೆ ತುಳಿದ ಹಾಗೆ. ಅವರು ಹೋದ ಮೇಲೆ ಕುಂಬಳಕಾಯಿ ಕದ್ದವನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ನನಗೆ ಕಣ್ಣಿಲ್ಲವೇ? ಎರಡು ವರ್ಷ ನೋಡಿದೆ. ಕೊನೆಗೆ ಒಂದು ದಿನ, ಕಾಗದದ ಕಟ್ಟು ತರಲು ಪಕ್ಕದೂರಿಗೆ ಹೊರಟವನು, ಒಂದು ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ, "ಅನಂತೂ, ಇದೊಂದು ಜೋಡಿಸಿಡು. ಒಂದೇ ಪ್ರತಿ. ಸಣ್ಣದ್ರಲ್ಲಿ ಹಾಕು. ಇರೋದ್ರಲ್ಲೆಲ್ಲ ಸಣ್ಣದು" ಎಂದ. ಕೈಯಲ್ಲಿ ಬರೆದದ್ದನ್ನು ಕೊಡುವುದು ನಮ್ಮ ಮನೆಯಲ್ಲಿ ಅರೆಬೆಂದ ಅನ್ನ ಬಡಿಸಿದ ಹಾಗೆ. ಬಾಯಲ್ಲಿ ಹೇಳಲಾಗದ್ದನ್ನು ನಾವು ಅಚ್ಚು ಮಾಡಿಯೇ ಕೊಡುತ್ತೇವೆ.

ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ಟೀಚರಿಗೆ ನಮಸ್ಕಾರ. ನಿಮಗೆ ಒಪ್ಪಿಗೆಯಿದ್ದರೆ ನಿಮ್ಮನ್ನು ಮದುವೆಯಾಗಬೇಕೆಂದು ನನಗೆ ಆಸೆ. ಇಂತಿ, ಭುಜಬಲಿ.’ ಓದಿ ನನ್ನ ಕಣ್ಣಲ್ಲಿ ನೀರೇ ಬಂತು. ಅಣ್ಣನಿಗೆ ನಲವತ್ತಾಗುತ್ತಾ ಬಂದಿತ್ತು. ಇಷ್ಟು ದೊಡ್ಡ ಮಾತನ್ನು ಇರುವೆ ಕಾಲಿನಷ್ಟು ಅಕ್ಷರದಲ್ಲಿ ಹಾಕುವುದೇ? ಆಯಮ್ಮ ಓದಿ, ಮಡಿಚಿ, ಬ್ಯಾಗಿಗೆ ಹಾಕಿಕೊಂಡು ಸುಮ್ಮನಿದ್ದುಬಿಟ್ಟರೆ? ಇವನಂತೂ ಮತ್ತೆ ಕೇಳುವ ಪೈಕಿಯಲ್ಲ. ಅದೇ ಅವರ ಬಾಯಿಂದಲೇ ಒಂದು ಸಲ ಆ ಮಾತು ಗಟ್ಟಿಯಾಗಿ ಬಂದರೆ, ಬಂದ ಮಾತಿನ ರುಚಿ ನಾಲಿಗೆಗೆ ಹತ್ತೀತು ಎಂದು ನನ್ನ ಲೆಕ್ಕಾಚಾರ. ನಾನೇ ಸೋದರತ್ತೆಯ ಖಾನೆ ಎಳೆದೆ, ನಾನೇ ಜೋಡಿಸಿದೆ, ನಾನೇ ಮಷೀನು ತುಳಿದೆ. ದೊಡ್ಡ ಹಾಳೆಯನ್ನು ನಾಲ್ಕಾಗಿ ಮಡಿಚಿ ಪ್ರೆಸ್ಸಿನ ಲಕೋಟೆಯಲ್ಲಿಟ್ಟು ನಾನೇ ಶಾಲೆಗೆ ಹೋಗಿ ಕೊಟ್ಟು ಬಂದೆ. ಆ ಲಕೋಟೆ ನೋಡಿದರೆ ಪ್ರಶ್ನೆಪತ್ರಿಕೆಯ ಪ್ರೂಫು ಎಂದೇ ಯಾರಾದರೂ ಅಂದುಕೊಳ್ಳುತ್ತಾರೆ ಎಂಬುದು ನನ್ನ ಬುದ್ಧಿಗೆ ಹೊಳೆಯಲಿಲ್ಲ. ಕುಸುಮಾಕ್ಷಿ ಟೀಚರ್ ತರಗತಿಯಲ್ಲೇ, ನಲವತ್ತೆರಡು ಮಕ್ಕಳ ಮುಂದೆಯೇ ಅದನ್ನು ಬಿಚ್ಚಿದರು.

ನಾನು ಶಾಲೆಯ ಗೇಟನ್ನೂ ದಾಟಿರಲಿಲ್ಲ. ಹಿಂದಿನಿಂದ ಅವರ ದನಿ ಕೇಳಿತು, ಪಾಠ ಹೇಳಿ ಹೇಳಿ ಪಳಗಿದ ದನಿ, ಸಂತೆ ಬೀದಿಯವರೆಗೆ ಮುಟ್ಟುವಂಥದ್ದು. ‘ಟೀಚರಿಗೆ ನಮಸ್ಕಾರ’ದಿಂದ ಹಿಡಿದು ‘ಇಂತಿ, ಭುಜಬಲಿ’ಯವರೆಗೆ ಒಂದಕ್ಷರ ಬಿಡದೆ ಓದಿದರು. ಆಮೇಲೆ ಮಕ್ಕಳು. ಅಯ್ಯೋ, ಆ ಮಕ್ಕಳ ಗದ್ದಲವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಸಂಜೆಯಷ್ಟರಲ್ಲಿ ಅದು ಕುಂಟೆಬಿಲ್ಲೆಯ ಹಾಡಾಗಿತ್ತು.

ಅಣ್ಣ ಸಂಜೆಯ ಬಸ್ಸಿಗೆ ಬಂದ. ನಿಲ್ದಾಣದಿಂದ ಪ್ರೆಸ್ಸಿಗೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯಲ್ಲೇ ಹತ್ತು ಜನ ಅವನಿಗೆ ಅವನದೇ ಕಾಗದವನ್ನು ಬಾಯಿಪಾಠ ಒಪ್ಪಿಸಿದರು. ಒಳಗೆ ಬಂದವನು ಕಾಗದದ ಕಟ್ಟು ಇಳಿಸಿದ. ಮೇಜಿನ ಮೇಲೆ ನಾನಿನ್ನೂ ಬಿಚ್ಚಿ ಖಾನೆಗೆ ಹಾಕಿರದ ದಪ್ಪ ಮೊಳೆಗಳಿದ್ದವು. ಅವನ್ನೇ ಸ್ವಲ್ಪ ಹೊತ್ತು ನೋಡಿದ. "ಅನಂತೂ, ನಾನು ಸಣ್ಣದ್ರಲ್ಲಿ ಹಾಕು ಅಂದಿದ್ದೆ" ಎಂದ. ಅದೇ ಕೊನೆ. ಆ ತಿಂಗಳು ಪೂರ್ತಿ ಅವನು ಹಗಲು ಹೊತ್ತು ಬೀದಿಗೆ ಕಾಲಿಡಲಿಲ್ಲ. ತಿಂಗಳ ಕೊನೆಗೆ ಕುಸುಮಾಕ್ಷಿ ಟೀಚರ್ ವರ್ಗ ಮಾಡಿಸಿಕೊಂಡು ಬೇರೆ ಊರಿಗೆ ಹೋದರೆಂದು ಸುದ್ದಿ ಬಂತು.

ಮಾತು ಬಿಟ್ಟ ಎಂದರೆ ಮೂಗನಾದ ಎಂದಲ್ಲ. ಬೇರೆಯವರ ಜೊತೆ ಆಡುತ್ತಿದ್ದ. ನನಗೆ ಹೇಳುವುದಿದ್ದರೆ ಮಷೀನಿಗೆ ಹೇಳುತ್ತಿದ್ದ. "ಏನಮ್ಮಾ ಮಷೀನಮ್ಮ, ಇವತ್ತು ನಿಂಗೆ ಮಸಿ ಇಲ್ವಂತೆ. ತಂದಿಡೋರು ಮರೆತ್ರೇನೋ." ನಾನು ಮೊಳೆಯ ಖಾನೆಗೆ, "ಮಸಿ ಡಬ್ಬ ಕಿಟಕಿ ಮೇಲಿದೆಯಪ್ಪಾ, ಕಣ್ಣಿರೋರು ನೋಡ್ಕೋಬೋದು" ಎನ್ನುತ್ತಿದ್ದೆ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವುದು ನಮ್ಮ ಮನೆಯ ಪದ್ಧತಿ. ಐದೂವರೆಗೆ ಬಂದು ತಟ್ಟೆಯ ಮುಂದೆ ಕೂರುತ್ತಿದ್ದ. ಸಾರು ಬೇಕಾದರೆ ಬಸ್ ಕಂಡಕ್ಟರಾದ ನನ್ನ ಗಂಡನ ಕಡೆ ತಿರುಗಿ, "ಭಾವ, ಸಾರು ಇವತ್ತು ಚೆನ್ನಾಗಾಗಿದೆ" ಎನ್ನುತ್ತಿದ್ದ. ಇವರು ಟಿಕೆಟ್ ಹರಿದು ಕೊಡುವ ದನಿಯಲ್ಲಿ, "ನಿಮ್ಮಣ್ಣಂಗೆ ಒಂದು ಸಾರು" ಎಂದು ನನಗೆ ದಾಟಿಸುತ್ತಿದ್ದರು. ಇವರು ಡ್ಯೂಟಿಯಲ್ಲಿದ್ದ ದಿನ ಅಣ್ಣ ಬರಿಯ ಅನ್ನ ಉಂಡು ಎದ್ದದ್ದೂ ಇದೆ.

ಎರಡನೆಯ ವರ್ಷ ನನಗೆ ತಡೆಯಲಾಗಲಿಲ್ಲ. ಅವನ ಬಾಯಿಂದ ಒಂದು ಮಾತು ಬೇಕಿತ್ತು, ಬಾಯಿ ತೆರೆಸುವ ಅಕ್ಷರ ನನ್ನ ಕೈಯಲ್ಲೇ ಇತ್ತು. ಸೋದರತ್ತೆಯಲ್ಲಿ ‘ಅನಂತೂ, ಊಟ ಆಯ್ತಾ?’ ಎಂದು ಜೋಡಿಸಿ, ಒಂದು ಹಾಳೆ ತೆಗೆದು, ಮಷೀನಿನ ಎದುರು ಗೋಡೆಗೆ ಅಂಟಿಸಿದೆ. ಬೆಳಿಗ್ಗೆ ಬಂದ. ನೋಡಿದ. "ಅನಂತೂ, ಊಟ ಆಯ್ತಾ?" ಎಂದು ಕೂಗಿದ. ಎಷ್ಟು ಗಟ್ಟಿಯಾಗಿ ಎಂದರೆ ಹೊರಗಿದ್ದ ಕೋನಪ್ಪನವರು "ಇನ್ನೂ ಇಲ್ಲಪ್ಪ, ಎಂಟು ಗಂಟೆ" ಎಂದರು. ಬಾಯಿ ಅವನದು, ಮಾತು ನನ್ನದು. ಅಂಥ ಮಾತು ಕೇಳಿ ಏನು ಸುಖ? ಅವನು ಹಾಳೆಯನ್ನು ಮೆಲ್ಲಗೆ ಬಿಡಿಸಿ, ಮಡಿಚಿ, ನನ್ನ ಮೇಜಿನ ಮೇಲಿಟ್ಟು ಹೊರಗೆ ಹೋದ. ಮೂರು ದಿನ ಹೋಟೆಲಿನಲ್ಲಿ ಉಂಡ. ನಾನು ಖಾನೆಗಳ ಮೇಲೆ ತಲೆಯಿಟ್ಟು ಅತ್ತೆ. ಮತ್ತೆ ಅವನ ಮೇಲೆ ಆ ಅಕ್ಷರ ಪ್ರಯೋಗಿಸುವುದಿಲ್ಲ ಎಂದು ಅಪ್ಪನ ಮೇಲೆ ಆಣೆ ಮಾಡಿದೆ.

ಹೀಗೆ ಆರು ವರ್ಷ. ಹೋದ ಸಲ ಶಾಲೆ ಶುರುವಾದ ವಾರ ಸುದ್ದಿ ಬಂತು, ಹೊಸ ಹೆಡ್ ಮಿಸ್ ಬಂದಿದ್ದಾರೆ, ಹೊಸಬರೇನಲ್ಲ, ಕುಸುಮಾಕ್ಷಿ ಟೀಚರೇ ಎಂದು. ಸುದ್ದಿ ತಂದವರು ನನ್ನ ಗಂಡ, ಊಟದ ಹೊತ್ತಿನಲ್ಲಿ. ಅಣ್ಣನ ಕೈಯಲ್ಲಿದ್ದ ತುತ್ತು ಅರ್ಧದಲ್ಲೇ ನಿಂತಿತು. "ಒಬ್ರೇ ಬಂದಿದಾರೆ" ಎಂದು ಇವರು ಸೇರಿಸಿದರು. "ಟಿಕೆಟ್ ಒಂದೇ ತಗೊಂಡ್ರು." ಅಣ್ಣ ತುತ್ತು ಬಾಯಿಗಿಟ್ಟು, ಜಗಿದು, "ಭಾವ, ಸಾರು ಚೆನ್ನಾಗಿದೆ" ಎಂದ. ಅವತ್ತು ಮಾಡಿದ್ದು ಮಜ್ಜಿಗೆ ಹುಳಿ.

ಅಲ್ಲಿಂದ ಮುಂದೆ ಬೀದಿಯಲ್ಲಿ ಛತ್ರಿ ಹಿಡಿದ ಹೆಂಗಸರು ಯಾರೇ ಕಂಡರೂ ಅಣ್ಣ ಹಿಂಬಾಗಿಲಿನಿಂದ ಹೊರಗೆ ಜಾರುತ್ತಿದ್ದ. ವಾರ್ಷಿಕೋತ್ಸವಕ್ಕೆ ಎಂಟು ದಿನ ಇರುವಾಗ ಟೀಚರ್ ನಿಜವಾಗಿಯೂ ಬಂದರು. ಅಣ್ಣ ಅಷ್ಟು ಹೊತ್ತಿಗೆ ಹಿತ್ತಲು ಸೇರಿದ್ದ. ಟೀಚರಿಗೆ ಕನ್ನಡಕ ಬಂದಿತ್ತು, ಕಿವಿಯ ಹತ್ತಿರ ನಾಲ್ಕು ಕೂದಲು ಬೆಳ್ಳಗಾಗಿತ್ತು, ಕೆನ್ನೆಯ ಗುಳಿ ಹಾಗೇ ಇತ್ತು. ಮಷೀನಿನ ಕಡೆ ಒಂದು ಸಲ ನೋಡಿ, ಖಾಲಿ ಇರುವುದನ್ನು ಕಂಡು, ನನ್ನ ಮೇಜಿನ ಹತ್ತಿರ ಬಂದು ಎರಡು ಚೀಟಿ ಇಟ್ಟರು.

"ಅನಂತಮ್ಮ, ಇದು ವಾರ್ಷಿಕೋತ್ಸವದ್ದು, ದಪ್ಪದ್ರಲ್ಲಿ, ಐವತ್ತು ಹಾಳೆ. ಇದು ಸಣ್ಣದ್ರಲ್ಲಿ, ಒಂದೇ ಪ್ರತಿ." ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಈ ಸಲ ಅದಲು ಬದಲು ಮಾಡ್ಬೇಡಿ" ಎಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. "ಟೀಚರ್, ಅವತ್ತು ತಪ್ಪು ನಂದು. ಅವನು ಸಣ್ಣದ್ರಲ್ಲೇ ಹಾಕು ಅಂದಿದ್ದ. ನಾನೇ..."

"ಗೊತ್ತು ಬಿಡಿ. ಅವರನ್ನ ನೋಡಿದೋರಿಗೆ ಗೊತ್ತಾಗಲ್ವಾ, ಅವರು ದಪ್ಪಕ್ಷರದ ಮನುಷ್ಯ ಅಲ್ಲ ಅಂತ."

"ಮತ್ತೆ ನೀವು ಊರು ಬಿಟ್ಟು..."

"ಅದು ಅದರಲ್ಲಿದೆ" ಎಂದು ಎರಡನೆಯ ಚೀಟಿ ತೋರಿಸಿದರು. "ಬಾಯಲ್ಲಿ ಹೇಳಿದ್ರೆ ನೀವು ಸಂಜೆ ಒಳಗೆ ಊರಿಗೆಲ್ಲ ಹಂಚ್ತೀರ. ಜೋಡಿಸೋವಾಗ ನಿಮ್ಮ ಕೈ ಕೆಲಸದಲ್ಲಿರುತ್ತೆ, ಬಾಯಿ ಸ್ವಲ್ಪ ಸುಮ್ನಿರುತ್ತೆ." ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಛತ್ರಿ ಬಿಚ್ಚಿಕೊಂಡು ಹೊರಟುಹೋದರು.

ಮೊದಲು ಉತ್ಸವದ ಹಾಳೆ ಮಾಡಿ ಮುಗಿಸಿದೆವು. ಅಣ್ಣ ಐವತ್ತನ್ನೂ ತಲೆಕೆಳಗಾಗಿಯೇ ನೋಡಿ, ಗೋಡೆಗೆ ಮುಖ ಮಾಡಿ ಬಾಗಿಲಿನ ಪಕ್ಕದ ಹಗ್ಗಕ್ಕೆ ಸಿಕ್ಕಿಸಿದ. ಯಾರ ಕೆಲಸ ಎಂದು ಅವನು ಮಷೀನನ್ನೂ ಕೇಳಲಿಲ್ಲ. ಮಾರನೆಯ ದಿನ ಶನಿವಾರ ಬೆಳಿಗ್ಗೆ, ಶಾಲೆಯ ಗಂಟೆ ಹೊಡೆದ ಮೇಲೆ, ನಾನು ಎರಡನೆಯ ಚೀಟಿ ಬಿಚ್ಚಿದೆ. ಕುಸುಮಾಕ್ಷಿ ಟೀಚರ್ ಹೀಗೆ ಬರೆದಿದ್ದರು: ‘ಭುಜಬಲಿಯವರಿಗೆ. ಅವತ್ತು ನಿಮ್ಮ ಕಾಗದವನ್ನು ಮಕ್ಕಳ ಮುಂದೆ ಓದಿದ್ದಕ್ಕೆ ನನಗೆ ನಾಚಿಕೆಯಾಗಲಿಲ್ಲ. ಉತ್ತರ ಕೇಳಲು ನೀವು ಬರುತ್ತೀರೆಂದು ಒಂದು ತಿಂಗಳು ಕಾದೆ. ನೀವು ಬರಲಿಲ್ಲ, ಅದಕ್ಕೆ ಸಿಟ್ಟು ಬಂತು. ಆ ಸಿಟ್ಟು ಈಗ ಮುಗಿದಿದೆ. ಶಾಲೆ ಬಿಟ್ಟ ಮೇಲೆ ನಾನು ಆಫೀಸಿನಲ್ಲೇ ಇರುತ್ತೇನೆ. ಬನ್ನಿ.’

ನಾನು ಎದ್ದು ನಿಂತು ಮತ್ತೆ ಕುಳಿತೆ. ನೋಡಿ, ಮನುಷ್ಯರ ಬುದ್ಧಿ ಎಂಥದ್ದು! ಆಣೆ ಮಾಡಿದ್ದವಳು, ಪೆಟ್ಟು ತಿಂದವಳು, ಆದರೂ ನನ್ನ ಕೈ ಸೀದಾ ಹೋಗಿದ್ದು ಸೋದರತ್ತೆಯ ಖಾನೆಗೆ. ಇದನ್ನು ದಪ್ಪದಲ್ಲಿ ಹಾಕಿ ಅಣ್ಣನ ಮುಂದೆ ಹಿಡಿದರೆ ಇಡೀ ಬೀದಿ ಕೇಳುತ್ತದೆ, ಆರು ವರ್ಷ ಅವನನ್ನು ಆಡಿಕೊಂಡವರ ಬಾಯಿ ಮುಚ್ಚುತ್ತದೆ. ಇನ್ನೂ ನಿಜ ಹೇಳಬೇಕೆಂದರೆ, ತಪ್ಪು ನನ್ನೊಬ್ಬಳದೇ ಅಲ್ಲ, ಹೋಗಿ ಕೇಳದೇ ಇದ್ದ ನಿನ್ನದೂ ಇದೆ ಕಣೋ ಎಂಬುದನ್ನು ಅವನ ಬಾಯಿಂದಲೇ ಕೇಳುವ ಚಪಲ ನನಗಿತ್ತು. ಕೊನೆಯ ‘ಬನ್ನಿ’ಯಿಂದಲೇ ಶುರು ಮಾಡಿ ‘ಬ’ ತೆಗೆದೆ. ‘ನ್ನಿ’ ತೆಗೆದೆ. ಅಪ್ಪ ಕೆತ್ತಿದ ಆ ಚಿಕ್ಕ ಹಿಮ್ಮಡಿಗಳು ನನ್ನ ಬೆರಳಿಗೆ ತಾಗಿದವು. ಒಬ್ಬರು ಒಬ್ಬರಿಗೇ ಹೇಳೋ ಮಾತಿಗಂತೂ ಖಂಡಿತ ಬೇಡ. ನೂರಾ ಒಂದನೆಯ ಸಲ ಅಪ್ಪನ ಮಾತು ಕಿವಿಯೊಳಗೆ ಇಳಿಯಿತು. ಎರಡನ್ನೂ ಅವುಗಳ ಜಾಗಕ್ಕೆ ಮಲಗಿಸಿ ಖಾನೆ ಮುಚ್ಚಿದೆ.

ನಮ್ಮಲ್ಲಿರುವ ಅತಿ ಸಣ್ಣ ಮೊಳೆ ಔಷಧಿ ಚೀಟಿಗೆ ಬಳಸುವಂಥದ್ದು. ಅದನ್ನು ಜೋಡಿಸಲು ನನಗೀಗ ಕನ್ನಡಕದ ಮೇಲೆ ಭೂತಗನ್ನಡಿಯೂ ಬೇಕು. ಒಂದು ಗಂಟೆ ಹಿಡಿಯಿತು. ಒಂದು ಸಾಲು ಎರಡು ಸಲ ಚೆಲ್ಲಿತು. ಚೌಕಟ್ಟಿಗೆ ಬಿಗಿದು, ತೆಗೆದುಕೊಂಡು ಹೋಗಿ ಮಷೀನಿನ ಮೇಲಿಟ್ಟು, ಖಾನೆಗೆ ಹೇಳುವವಳ ಹಾಗೆ, "ಒಂದೇ ಪ್ರತಿಯಂತೆ, ಒಳ್ಳೇ ಕಾಗದ ಹಾಕ್ಬೇಕಂತೆ" ಎಂದೆ. ಅಣ್ಣ ಮಸಿ ಹಚ್ಚಿದ, ದಪ್ಪ ಬಿಳಿ ಕಾಗದ ಇಟ್ಟ, ಒಂದು ಸಲ ತುಳಿದ. ತೆಗೆದು ಎಂದಿನಂತೆ ತಲೆಕೆಳಗಾಗಿ ಹಿಡಿದು ಮಸಿ ನೋಡಿದ. ಸಣ್ಣಕ್ಷರ ಎಂದು ತಿಳಿದು ತಿರುಗಿಸಿ ನೆಟ್ಟಗೆ ಹಿಡಿದ. ಅದರ ಮೊದಲ ಪದವೇ ಅವನ ಹೆಸರು.

ನಾನು ಮೊಳೆ ಹುಡುಕುವವಳಂತೆ ಖಾನೆಯಲ್ಲಿ ಕೈಯಾಡಿಸುತ್ತಾ ಇದ್ದೆ. ಅವನು ಕಿಟಕಿಯ ಹತ್ತಿರ ಹೋದ. ಓದಿದ. ತುಟಿ ಅಲುಗಿತು, ಸದ್ದು ಬರಲಿಲ್ಲ. ಮತ್ತೊಮ್ಮೆ ಮೊದಲಿನಿಂದ ಓದಿದ. ಹೊರಗೆ ಬಸ್ಸೊಂದು ಬಂದು, ಇಳಿದವರೆಲ್ಲ ಬೋರ್ಡು ನೋಡಿ ಊರುಗಳ ಹೆಸರು ಕೂಗಿ, ಕೋನಪ್ಪನವರು ತಮ್ಮ ಬಸ್ಸು ಹತ್ತಿ, ಅದು ಹೊರಟೂ ಹೋಯಿತು. ಅಣ್ಣ ಕಾಗದವನ್ನು ಎರಡಾಗಿ ಮಡಿಚಿ ಅಂಗಿಯ ಜೇಬಿಗಿಟ್ಟುಕೊಂಡ. ಮಸಿಯ ಕೈ ತಾಗಿ ಜೇಬಿನ ಮೇಲೆ ಐದು ಬೆರಳು ಮೂಡಿದವು. ನಲ್ಲಿಯ ಹತ್ತಿರ ಹೋಗಿ ಸೀಮೆಎಣ್ಣೆ ಹಾಕಿ ಕೈ ತಿಕ್ಕಿದ, ಸಾಬೂನು ಹಾಕಿ ತಿಕ್ಕಿದ, ಮತ್ತೆ ಸೀಮೆಎಣ್ಣೆ ಹಾಕಿದ. ಗೂಟಕ್ಕೆ ನೇತುಹಾಕಿದ್ದ ಬೇರೆ ಅಂಗಿ ತೊಟ್ಟು, ಕಾಗದವನ್ನು ಆ ಜೇಬಿಗೆ ವರ್ಗಾಯಿಸಿದ. ಶನಿವಾರ ಅರ್ಧ ದಿನದ ಶಾಲೆ. ಬಿಡುವ ಗಂಟೆ ಹೊಡೆಯಿತು, ಮಕ್ಕಳ ಗಲಾಟೆ ಬೀದಿಗೆ ಬಂದು ಕರಗಿಹೋಯಿತು.

ನನ್ನ ಕಡೆ ನೋಡುತ್ತಾನೇನೋ ಎಂದು ಕಾದೆ. ನೋಡಲಿಲ್ಲ. ಸರಿ, ಹೋಗಲಿ, ಅವನಿಗಾದರೂ ಒಳ್ಳೆಯದಾಗಲಿ ಎಂದುಕೊಂಡೆ. ಎಂದುಕೊಂಡೆನೇ ಹೊರತು ಕಣ್ಣು ಅವನ ಬೆನ್ನನ್ನು ಬಿಡಲಿಲ್ಲ. ಅವನು ಮುಂಬಾಗಿಲು ತೆರೆದ. ಬೀದಿಯ ಗಾಳಿ ಒಮ್ಮೆಲೇ ಒಳಗೆ ನುಗ್ಗಿ ಹಗ್ಗದ ಮೇಲಿದ್ದ ಹಾಳೆಯೊಂದನ್ನು ಮುಖ ಮೇಲಾಗಿ ತಿರುಗಿಸಿತು. ಸರಿಯಾಗಿ ಅವನ ಮೂಗಿನ ಮುಂದೆ.

ಪಾಪ, ಹೊಸಿಲ ಮೇಲೆ ಒಂದು ಕಾಲು, ಒಳಗೊಂದು ಕಾಲು. ಬಾಯಿ ತೆರೆದೇ ಹೋಯಿತು. "ನಮ್ಮೂರ ಶಾಲೆಯ ವಾರ್ಷಿಕೋತ್ಸವ! ಮುಂದಿನ ಶುಕ್ರವಾರ ಮಧ್ಯಾಹ್ನ ಮೂರಕ್ಕೆ! ಮಕ್ಕಳಿಂದ ಹಾಡು, ಕೋಲಾಟ, ನಗೆ ನಾಟಕ! ಶಾಲೆಯ ಅಂಗಳದಲ್ಲಿ! ಎಲ್ಲರೂ ಬನ್ನಿ!" ಎಂದು ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಕೂಗಿದ. ಆರು ವರ್ಷದಲ್ಲಿ ಅವನ ಪೂರ್ತಿ ದನಿ ಕೇಳಿದ್ದು ಅದು ಎರಡನೆಯ ಸಲ. ಬೀದಿಯಲ್ಲಿ ಹೋಗುತ್ತಿದ್ದವರು ಯಾರೂ ತಿರುಗಿ ನೋಡಲಿಲ್ಲ, ನಮ್ಮೂರಿನಲ್ಲಿ ಅದೇನು ಹೊಸದೇ? ನಾನು ತಲೆ ತಗ್ಗಿಸಿ ಅವನ ಹೆಜ್ಜೆ ದೂರವಾಗುವುದನ್ನು ಕಾದೆ. ದೂರವಾಗಲಿಲ್ಲ.

"ನೀನೂ ಬಾ ಅನಂತೂ" ಎಂದ. "ಒಬ್ನೇ ಹೋಗೋಕೆ ಕಾಲೇ ಬರ್ತಿಲ್ಲ ಕಣೇ."

ನನ್ನ ಕೈಯಲ್ಲಿದ್ದ ಮೊಳೆಗಳೆಲ್ಲ ನೆಲಕ್ಕೆ ಚೆಲ್ಲಿದವು. ಆದರೂ ಒಮ್ಮೆ ಮೋಸ ಹೋದವಳು ನಾನು, ನಂಬಿಕೆ ಬರಲಿಲ್ಲ. ಆ ಮಾತೂ ಅದರಲ್ಲೇ ಅಚ್ಚಾಗಿದೆಯೇನೋ ಎಂದು ಎದ್ದು ಹೋಗಿ ಆ ಹಾಳೆಯನ್ನು ಹಿಡಿದು ನೋಡಿದೆ. ನೋಡಿದ ಮೇಲೆ ಅದು ಬಿಡುತ್ತದೆಯೇ? ಅಳು, ಸಿಂಬಳ ಎಲ್ಲ ಒಟ್ಟಿಗೇ ಬರುತ್ತಿದ್ದರೂ ನಾನೂ ಗಂಟಲು ಹರಿದುಕೊಂಡು ಓದಿದೆ, ಶುಕ್ರವಾರ, ಕೋಲಾಟ, ನಗೆ ನಾಟಕ, ಅಂಗಳ ಎಲ್ಲವನ್ನೂ. ಅಣ್ಣ ಹೊಸಿಲ ಮೇಲೆಯೇ ನಿಂತು ನನಗಾಗಿ ಕಾಯುತ್ತಿದ್ದ. ‘ಎಲ್ಲರೂ ಬನ್ನಿ’ ಎನ್ನುವಲ್ಲಿಗೆ ನನ್ನ ಬಾಯಿ ತಾನಾಗಿ ಮುಚ್ಚಿತು. ಅದರ ಕೆಳಗೆ ಇದ್ದದ್ದು ಬರೀ ಬಿಳಿ ಕಾಗದ.